ಮನೆಗೊಂದು ಜಾಗ, ಮಕ್ಕಳಿಗೊಂದು ಶಾಲೆ

ಜಾಗ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಬಗೆಯವು. ಬಾವಿಯಲ್ಲಿ ಎಪ್ರಿಲ್, ಮೇ ತಿಂಗಳಲ್ಲೂ ನೀರು ಇರುತ್ತದೆಯೇ? ಅಂಗಳದವರೆಗೆ ಕಾರು ಬರುತ್ತದೆಯೇ? ಮಸೀದಿ ಎಷ್ಟು ದೂರ? ಸೆಂಟ್ಸಿಗೆ ಎಷ್ಟು? ಮಕ್ಕಳ ವಿಷಯ ಬಂದಾಗ ಕೇಳುವ ಪ್ರಶ್ನೆ ಮಾತ್ರ ಈಚಿನ ವರ್ಷಗಳಲ್ಲಿ ಬದಲಾಗಿದೆ. 'ಇಲ್ಲಿ ಶಾಲೆ ಇದೆಯೇ?' ಎಂದು ಕೇಳುವವರು ಕಡಿಮೆ. 'ಇಲ್ಲಿಗೆ ಯಾವ ಶಾಲೆಯ ಬಸ್ಸು ಬರುತ್ತದೆ?' ಎಂದೇ ಕೇಳುತ್ತಾರೆ. ಅದೇ ರಸ್ತೆಯ ತಿರುವಿನಲ್ಲಿ ಹೆಂಚಿನ ಮಾಡಿನ ಸರಕಾರಿ ಶಾಲೆಯೊಂದು ನಿಂತಿರುತ್ತದೆ. ಅದು ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಮನೆಯಲ್ಲಿ ಅದು ಲೆಕ್ಕಕ್ಕೆ ಬಂತು. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಸಿಕ್ಕಿದ ಪರಿಚಿತರು 'ಮಕ್ಕಳನ್ನು ಸರಕಾರಿ ಶಾಲೆಗೆ ಹಾಕಿದ್ದೀರಂತೆ, ಯಾಕೆ?' ಎಂದು ಕೇಳುತ್ತಾರೆ. ಕೆಲವರ ದನಿಯಲ್ಲಿ ಕುತೂಹಲ, ಕೆಲವರ ದನಿಯಲ್ಲಿ ಕನಿಕರ. ಎರಡು ಮಾತಿನಲ್ಲಿ ಮುಗಿಯುವ ಉತ್ತರ ಇದಲ್ಲ. ಹಾಗಾಗಿ ನಾವು ಏನನ್ನೆಲ್ಲ ತೂಗಿ ನೋಡಿದೆವು, ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದನ್ನು ಇಲ್ಲಿ ಹೇಳುತ್ತೇನೆ. ಎಲ್ಲರೂ ಹೀಗೆಯೇ ಮಾಡಬೇಕೆಂಬ ಹಟ ನನಗಿಲ್ಲ. ಆದರೆ ತೂಗುವ ಮುಂಚೆಯೇ ತಕ್ಕಡಿಯಿಂದ ಕೆಳಗಿಳಿಸುವುದು ಸರಿಯಲ್ಲ ಎಂಬುದಷ್ಟೇ ನನ್ನ ಮಾತು.

ನನ್ನ ಗಂಡ ದಮ್ಮಾಮ್‌ನಲ್ಲಿ ಹನ್ನೆರಡು ವರ್ಷ ದುಡಿದರು. 2020ರಲ್ಲಿ ಕೊರೋನಾ ಬಂದು ಕಂಪೆನಿ ಕೆಲಸಗಾರರನ್ನು ಕಳುಹಿಸಿದಾಗ ಅವರೂ ಊರಿಗೆ ಮರಳಿದರು. ನಾವು ಮಂಗಳೂರು ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮಗಳು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಲ್ಲಿ ಓದುತ್ತಿದ್ದಳು. ಮಗನನ್ನು ಇನ್ನೂ ಒಂದನೇ ತರಗತಿಗೆ ಸೇರಿಸಬೇಕಿತ್ತು. ಕೈಯಲ್ಲಿದ್ದ ಉಳಿತಾಯಕ್ಕೆ ಎರಡು ದಾರಿಗಳಿದ್ದವು. ಬ್ಯಾಂಕ್ ಸಾಲ ಸೇರಿಸಿ ಪೇಟೆಯಲ್ಲೊಂದು ಫ್ಲ್ಯಾಟ್ ಕೊಳ್ಳುವುದು. ಇಲ್ಲವೇ ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಿಂದ ಒಳಗೆ ಏಳು ಸೆಂಟ್ಸ್ ಜಾಗ ಕೊಂಡು ಸಣ್ಣದೊಂದು ಮನೆ ಕಟ್ಟುವುದು. ಬಡ್ಡಿಯ ಸಾಲ ಬೇಡ ಎಂಬುದು ನಮ್ಮಿಬ್ಬರ ತೀರ್ಮಾನವಾಗಿತ್ತು. ಹಾಗಾಗಿ ಎರಡನೆಯ ದಾರಿಯತ್ತ ಮನಸ್ಸು ವಾಲಿತು.

ಆದರೆ ಹೊರವಲಯಕ್ಕೆ ಹೋದರೆ ಮಕ್ಕಳ ಶಾಲೆಯ ಗತಿ ಏನು? ಪೇಟೆಯ ಹಳೆಯ ಶಾಲೆಗೇ ಕಳುಹಿಸುವುದಾದರೆ ವ್ಯಾನು ಬೆಳಿಗ್ಗೆ 7 ಗಂಟೆ 20 ನಿಮಿಷಕ್ಕೆ ಬರುತ್ತದೆ, ಸಂಜೆ ಮಗು ಮನೆ ಸೇರುವಾಗ 5 ಗಂಟೆ ದಾಟುತ್ತದೆ ಎಂದು ವ್ಯಾನಿನವರು ಹೇಳಿದರು. ನಮ್ಮ ಕಡೆಯ ಮನೆಗಳಲ್ಲಿ ಇದರಿಂದ ಏಳುವ ಇನ್ನೊಂದು ಸಮಸ್ಯೆ ನಿಮಗೂ ಗೊತ್ತು. ಬೆಳಗಿನ ಮದ್ರಸ ಬಿಡುವ ಹೊತ್ತಿಗೆ ವ್ಯಾನು ಹೋಗಿ ಒಂದು ಗಂಟೆ ಕಳೆದಿರುತ್ತದೆ. ಆಗ ಮದ್ರಸವನ್ನು ಸಂಜೆಗೆ ತಳ್ಳಬೇಕು. ಸಂಜೆ ಆ ಮಗು ಹಸಿದು, ದಣಿದು, ತೂಕಡಿಸುತ್ತಾ ಉಸ್ತಾದರ ಮುಂದೆ ಕೂರಬೇಕು. ಅದಾದ ಮೇಲೆ ಹೋಂವರ್ಕ್. ಆಡುವುದು ಯಾವಾಗ? ಏಳು ವರ್ಷದ ಮಗುವಿನ ದಿನದಿಂದ ಎರಡೂವರೆ ಗಂಟೆಯನ್ನು ರಸ್ತೆಗೆ ಕೊಡುವುದು ನನಗೆ ಸಣ್ಣ ವಿಷಯವಾಗಿ ಕಾಣಲಿಲ್ಲ.

ನಾವು ನೋಡಿದ ಜಾಗದಿಂದ ನಡೆದು ಆರು ನಿಮಿಷದ ದೂರದಲ್ಲಿ ಒಂದರಿಂದ ಐದನೇ ತರಗತಿಯವರೆಗಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ ಇತ್ತು. ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆಯಡಿ ನಮ್ಮ ರಾಜ್ಯದ ನಿಯಮಗಳು ಹೇಳುತ್ತವೆ. ಆ ಲೆಕ್ಕದಲ್ಲಿ ನಮ್ಮದು ಅನುಕೂಲದ ಜಾಗವೇ. ಮದ್ರಸ ಮುಗಿಸಿ, ಮನೆಗೆ ಬಂದು ಚಾ ಕುಡಿದು, ಚೀಲ ಹೆಗಲಿಗೇರಿಸಿ ಹೊರಟರೂ ಗಂಟೆ ಬಾರಿಸುವ ಮುನ್ನ ತಲುಪಬಹುದು. ಆದರೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಮಕ್ಕಳ ಭವಿಷ್ಯವನ್ನು ಒಪ್ಪಿಸಿಬಿಡಲಾದೀತೇ? 2022ರ ಫೆಬ್ರವರಿಯಲ್ಲಿ, ಜಾಗಕ್ಕೆ ಮುಂಗಡ ಕೊಡುವ ಮುನ್ನ, ನಾನು ಆ ಶಾಲೆಗೆ ಹೋದೆ.

ಹಾಜರಿಯಲ್ಲಿ 54 ಮಕ್ಕಳು. ಇಬ್ಬರು ಖಾಯಂ ಶಿಕ್ಷಕಿಯರು. ಅವರಲ್ಲೊಬ್ಬರು ಮುಖ್ಯ ಶಿಕ್ಷಕಿಯ ಹೊಣೆಯನ್ನೂ ಹೊತ್ತವರು. ಬಿಸಿಯೂಟಕ್ಕೆ ಇಬ್ಬರು ಅಡುಗೆಯವರು. ಮೂರು ತರಗತಿ ಕೋಣೆಗಳು, ಅವುಗಳಲ್ಲಿ ಒಂದರ ಮಾಡು ಸೋರುತ್ತಿತ್ತು. ಅಂಗಳದಲ್ಲಿ ಒಂದು ಮಾವಿನ ಮರ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇತ್ತು, ಚಿಲಕ ಇತ್ತು, ನೀರೂ ಇತ್ತು. ಇದನ್ನು ನಾನು ಒಳಗೆ ಹೋಗಿಯೇ ನೋಡಿದೆ. ತಾಯಂದಿರು ನೋಡಬೇಕಾದ ಮೊದಲ ಕೋಣೆ ಅದು.

ಮುಖ್ಯ ಶಿಕ್ಷಕಿಯವರ ಜೊತೆ ಮಾತಾಡುತ್ತಾ ಕೊರೋನಾ ಕಾಲದ ವಿಷಯ ಬಂತು. ಆಗ ನನ್ನ ಮಗಳು ದಿನವಿಡೀ ಮೊಬೈಲ್ ಮುಂದೆ ಕೂತು, ಟೀಚರ್ ಕೇಳಿದಾಗ 'ಯೆಸ್ ಮ್ಯಾಮ್' ಎನ್ನುವುದನ್ನು ಬಿಟ್ಟು ಹೆಚ್ಚೇನೂ ಕಲಿತಿರಲಿಲ್ಲ. ಅದೇ ಸಮಯದಲ್ಲಿ, 2020ರ ಆಗಸ್ಟಿನಲ್ಲಿ ಸರಕಾರ 'ವಿದ್ಯಾಗಮ' ಎಂಬ ಯೋಜನೆ ಆರಂಭಿಸಿತ್ತು. ಶಾಲೆ ಮುಚ್ಚಿದ್ದರಿಂದ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಂಪುಗಳಲ್ಲಿ ಪಾಠ ಮಾಡಬೇಕಿತ್ತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಈ ಇಬ್ಬರು ಶಿಕ್ಷಕಿಯರು ಆ ಎರಡು ತಿಂಗಳು ಮನೆಗಳ ಜಗಲಿಗಳಲ್ಲಿ, ಒಂದು ಭಜನಾ ಮಂದಿರದ ಅಂಗಳದಲ್ಲಿ, ಮದ್ರಸದ ವರಾಂಡದಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದ್ದರು. ಇದನ್ನು ಅವರು ಹೇಳಲಿಲ್ಲ. ಅಡುಗೆಯವರು ಹೇಳಿದರು. ಶಾಲೆಯೊಂದರ ನಿಜವಾದ ಸ್ಥಿತಿ ತಿಳಿಯಬೇಕಾದರೆ ಅಡುಗೆಯವರ ಬಳಿ ಹತ್ತು ನಿಮಿಷ ಕೂತರೆ ಸಾಕು.

ಇನ್ನು ತಕ್ಕಡಿಯ ಇನ್ನೊಂದು ತಟ್ಟೆ. ಸಣ್ಣ ಶಾಲೆಯ ಕೊರತೆಗಳನ್ನು ಮುಚ್ಚಿಡುವುದು ಯಾರಿಗೂ ಉಪಕಾರವಲ್ಲ.

ಐದು ತರಗತಿ, ಇಬ್ಬರು ಶಿಕ್ಷಕರು ಎಂದರೆ ಪ್ರತಿ ತರಗತಿಗೆ ಒಬ್ಬರು ಎಂಬ ಮಾತೇ ಇಲ್ಲ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು 'ನಲಿ-ಕಲಿ' ಪದ್ಧತಿಯಲ್ಲಿ ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಅನಂತರ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಕಾರ್ಡುಗಳ ಮೂಲಕ ಪ್ರತಿ ಮಗು ತನ್ನ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಒಳ್ಳೆಯ ಶಿಕ್ಷಕಿಯ ಕೈಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಆ ಶಿಕ್ಷಕಿ ರಜೆ ಹಾಕಿದ ದಿನ ಐದೂ ತರಗತಿಗಳು ಇನ್ನೊಬ್ಬರ ತಲೆ ಮೇಲೆ ಬೀಳುತ್ತವೆ. ರಜೆಯೂ ಬೇಕಿಲ್ಲ, ಚುನಾವಣೆ, ತರಬೇತಿ, ಸಭೆ, ಗಣತಿ ಎಂದು ಸರಕಾರವೇ ಅವರನ್ನು ಕರೆದೊಯ್ಯುತ್ತದೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಬಳಸಿ, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ವಿಸ್ತರಿಸಿದ್ದು ನಿಮಗೆ ನೆನಪಿರಬಹುದು. ನಾಲ್ಕು ನೂರು ಮಕ್ಕಳ ಶಾಲೆಯಲ್ಲಿ ಒಬ್ಬರಿಲ್ಲದಿದ್ದರೆ ನಡೆಯುತ್ತದೆ. ಐವತ್ತು ಮಕ್ಕಳ ಶಾಲೆಯಲ್ಲಿ ಒಬ್ಬರಿಲ್ಲ ಎಂದರೆ ಅರ್ಧ ಶಾಲೆಯೇ ಇಲ್ಲ.

ಇನ್ನೊಂದು ವಿಷಯ, ಜೊತೆಗಾರರದ್ದು. ಮಗಳು ಸೇರಬೇಕಾದ ನಾಲ್ಕನೆಯ ತರಗತಿಯಲ್ಲಿ ಇದ್ದದ್ದು ಎಂಟು ಮಕ್ಕಳು, ಅವರಲ್ಲಿ ಹುಡುಗಿಯರು ಮೂವರು. ಮೂವರ ಜೊತೆ ಹೊಂದಿಕೆಯಾಗದಿದ್ದರೆ ನಾಲ್ಕನೆಯವಳು ಇಲ್ಲ. ಆಟೋಟಕ್ಕೆ ತಂಡ ಕಟ್ಟಬೇಕಾದರೆ ಮೂರನೆಯ ತರಗತಿಯವರನ್ನೂ ಸೇರಿಸಿಕೊಳ್ಳಬೇಕು. ಚಿತ್ರಕಲೆ, ಸಂಗೀತ, ಕಂಪ್ಯೂಟರ್ ಎಂದು ಬೇರೆ ಬೇರೆ ಶಿಕ್ಷಕರು ಇರುವುದಿಲ್ಲ.

ಮತ್ತೆ ಇಂಗ್ಲಿಷ್. ನಮ್ಮ ಮನೆಗಳಲ್ಲಿ ಸರಕಾರಿ ಶಾಲೆಯ ಚರ್ಚೆ ಮುಗಿಯುವುದೇ ಈ ಒಂದು ಪದದಲ್ಲಿ. ನಮ್ಮ ಮಕ್ಕಳಿಗೆ ಮನೆಯಲ್ಲಿ ಬ್ಯಾರಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ; ಇಷ್ಟರ ಮೇಲೆ ಇಂಗ್ಲಿಷ್. ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದು 2007ರಲ್ಲಿ. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ನಾವು ನೋಡಿದ ಶಾಲೆ ಆ ಸಾವಿರದಲ್ಲಿ ಒಂದಾಗಿರಲಿಲ್ಲ. ಅದು ಪೂರ್ತಿ ಕನ್ನಡ ಮಾಧ್ಯಮದ ಶಾಲೆ. ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಅದು ಹೆತ್ತವರ ಆಯ್ಕೆ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಯ್ಕೆ ನಮ್ಮದೆಂದಾದ ಮೇಲೆ ಅದರ ಭಾರವೂ ನಮ್ಮದೇ.

ನಾನು ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹೈಸ್ಕೂಲಿನಲ್ಲಿ ಇಂಗ್ಲಿಷಿಗೆ ಬದಲಾದವಳು. ಎಂಟನೆಯ ತರಗತಿಯ ಮೊದಲ ಆರು ತಿಂಗಳು ವಿಜ್ಞಾನದ ಪುಸ್ತಕ ತೆರೆದರೆ ಅಳು ಬರುತ್ತಿತ್ತು. ಆದರೆ ಕನ್ನಡದಲ್ಲಿ ಅರ್ಥ ಮಾಡಿಕೊಂಡಿದ್ದ ಪಾಠ ಕೈ ಬಿಡಲಿಲ್ಲ. ದ್ಯುತಿ ಸಂಶ್ಲೇಷಣೆ ಏನೆಂದು ಗೊತ್ತಿದ್ದವಳಿಗೆ ಅದರ ಇಂಗ್ಲಿಷ್ ಹೆಸರು ಕಲಿಯಲು ಒಂದು ದಿನ ಸಾಕು. ಹೆಸರು ಮಾತ್ರ ಗೊತ್ತಿದ್ದು ಸಂಗತಿ ಗೊತ್ತಿಲ್ಲದಿದ್ದರೆ ಅದು ಬೇರೆಯೇ ಕಷ್ಟ.

ನಮ್ಮ ಮನೆಯಲ್ಲಿ ಸಣ್ಣದೊಂದು ಪರೀಕ್ಷೆ ಮಾಡಿ ನೋಡಿದೆವು. 'ಪ್ರಥಮ್' ಸಂಸ್ಥೆಯ ಸ್ವಯಂಸೇವಕರು 2005ರಿಂದ ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಕಲಿಕೆ ಅಳೆಯುವ ಕ್ರಮವೊಂದಿದೆ. ಎರಡನೇ ತರಗತಿಯ ಮಟ್ಟದ ಒಂದು ಸಣ್ಣ ಕಥೆ ಓದಲು ಕೊಡುತ್ತಾರೆ. ಕಳೆಯುವ ಲೆಕ್ಕ, ಭಾಗಿಸುವ ಲೆಕ್ಕ ಮಾಡಿಸುತ್ತಾರೆ. ಅಷ್ಟೆ. ನಾನು ಅದೇ ರೀತಿ ಮೂರನೇ ತರಗತಿಯಲ್ಲಿದ್ದ ನನ್ನ ಮಗಳಿಗೂ, ಆ ಸಣ್ಣ ಶಾಲೆಯಲ್ಲಿ ಅದೇ ತರಗತಿಯಲ್ಲಿದ್ದ, ಜಾಗದ ಪಕ್ಕದ ಮನೆಯ ಹುಡುಗಿಗೂ ಓದಲು ಕೊಟ್ಟೆ. ನನ್ನ ಮಗಳು ಇಂಗ್ಲಿಷ್ ಕಥೆಯನ್ನು ಗಿಳಿಯಂತೆ ಓದಿದಳು, ಕಥೆಯಲ್ಲಿ ಏನಾಯಿತೆಂದು ಕೇಳಿದಾಗ ತಡವರಿಸಿದಳು. ಪಕ್ಕದ ಮನೆಯ ಹುಡುಗಿ ಕನ್ನಡ ಕಥೆಯನ್ನು ನಿಧಾನವಾಗಿ ಓದಿದಳು, ಅನಂತರ ತನ್ನದೇ ಮಾತಿನಲ್ಲಿ ಅದನ್ನು ನನಗೆ ತಿರುಗಿ ಹೇಳಿದಳು. ಕಳೆಯುವ ಲೆಕ್ಕ ಇಬ್ಬರಿಗೂ ಬಂತು. ಭಾಗಿಸುವ ಲೆಕ್ಕ ಇಬ್ಬರಿಗೂ ಬರಲಿಲ್ಲ. ಎರಡು ಮಕ್ಕಳನ್ನು ನೋಡಿ ಎರಡು ಶಾಲೆಗಳ ಬಗ್ಗೆ ತೀರ್ಪು ಕೊಡಲಾಗದು. ಆದರೂ ಫೀಸು ಹೆಚ್ಚಿದ್ದಲ್ಲಿ ಕಲಿಕೆಯೂ ಹೆಚ್ಚು ಎಂದು ನಾವು ಸುಮ್ಮನೆ ನಂಬಿಕೊಂಡಿರುತ್ತೇವಲ್ಲ, ಆ ನಂಬಿಕೆಯನ್ನು ಪರೀಕ್ಷಿಸಲು ಅರ್ಧ ಗಂಟೆ ಸಾಕು ಎಂಬುದು ತಿಳಿಯಿತು.

ಮನೆಯವರೆಲ್ಲ ಇದನ್ನು ಸುಲಭವಾಗಿ ಒಪ್ಪಲಿಲ್ಲ. ನನ್ನ ಮಾಮಿಗೆ, ಅಂದರೆ ಗಂಡನ ತಾಯಿಗೆ, ಜನರ ಬಾಯಿಯ ಚಿಂತೆ. 'ಗಲ್ಫಿನಿಂದ ಬಂದವನು ಬರಿಗೈಯಲ್ಲಿ ಬಂದ, ಮಕ್ಕಳಿಗೆ ಫೀಸು ಕಟ್ಟಲೂ ಗತಿಯಿಲ್ಲ ಅಂತಾರೆ' ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಮಕ್ಕಳ ಶಾಲೆಯ ಸಮವಸ್ತ್ರ ನೋಡಿ ಮನೆಯ ಸ್ಥಿತಿ ಅಳೆಯುವ ರೂಢಿ ಇದೆ. ನಾಳೆ ಮಗಳ ಸಂಬಂಧ ಮಾತಾಡುವಾಗಲೂ ಅದು ಬರುತ್ತದೆ ಎಂದು ಅವರಿಗೆ ಗೊತ್ತು.

ನನ್ನ ಗಂಡನ ಆತಂಕ ಇನ್ನೂ ಆಳದ್ದು. 'ಒಳ್ಳೆಯ ಮಾತು ಹೇಳುವುದು ಸುಲಭ. ನಮ್ಮ ಆದರ್ಶಕ್ಕೆ ಮಕ್ಕಳು ಬೆಲೆ ತೆರುವುದು ಬೇಡ. ಹನ್ನೆರಡು ವರ್ಷ ಅವರಿಂದ ದೂರ ಇದ್ದದ್ದೇ ಅವರ ಓದಿಗಾಗಿ' ಎಂದರು. ಈ ಮಾತಿಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ರಾತ್ರಿಯಿಡೀ ಯೋಚಿಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ನಾವು ಶಾಲೆಯನ್ನು ಉಳಿಸಲೆಂದು ಮಕ್ಕಳನ್ನು ಅಲ್ಲಿಗೆ ಕಳುಹಿಸಬಾರದು. ಮಕ್ಕಳಿಗೆ ಒಳ್ಳೆಯದಾಗುವುದಾದರೆ ಮಾತ್ರ ಕಳುಹಿಸಬೇಕು. ಶಾಲೆ ಉಳಿದರೆ ಅದು ಮೇಲಿನ ಲಾಭ.

ಹಾಗಾಗಿ ನಾವು ಕೆಲವು ಕರಾರುಗಳನ್ನು ಬರೆದಿಟ್ಟುಕೊಂಡೆವು. ಖಾಯಂ ಶಿಕ್ಷಕರು ಇಬ್ಬರಿಗಿಂತ ಕಡಿಮೆಯಾದರೆ ಮಕ್ಕಳನ್ನು ಬೇರೆಡೆಗೆ ಸೇರಿಸುವುದು. ಪ್ರತಿ ಆರು ತಿಂಗಳಿಗೊಮ್ಮೆ ಆ ಓದುವ, ಲೆಕ್ಕದ ಪರೀಕ್ಷೆಯನ್ನು ಮನೆಯಲ್ಲೇ ಮಾಡುವುದು. ದಿನಕ್ಕೆ ಅರ್ಧ ಗಂಟೆ ನಾನೇ ಇಂಗ್ಲಿಷ್ ಓದಿಸುವುದು. ಉಳಿದ ಫೀಸಿನ ಹಣದಲ್ಲಿ ಒಂದು ಭಾಗವನ್ನು ಕಡ್ಡಾಯವಾಗಿ ಪುಸ್ತಕಗಳಿಗೆ ಇಡುವುದು. ಮಕ್ಕಳ ಮುಂದೆ ಅವರ ಶಾಲೆಯನ್ನು ಹೀನೈಸಿ ಮಾತಾಡದಿರುವುದು. ಕೊನೆಯದು ಮಾಮಿಗಾಗಿ ಬರೆದದ್ದು. ಅವರು ನಕ್ಕು ಒಪ್ಪಿದರು.

ಆ ವರ್ಷ ಕಲಿಕಾ ಚೇತರಿಕೆಗೆಂದು ಸರಕಾರಿ ಶಾಲೆಗಳು ಮೇ 16ಕ್ಕೇ ಆರಂಭವಾದವು. ಮಗ ಒಂದನೆಯ ತರಗತಿಗೆ ನಗುತ್ತಾ ಹೋದ. ಮಗಳಿಗೆ ಕಷ್ಟವಾಯಿತು. ಕನ್ನಡದ ಒತ್ತಕ್ಷರಗಳು ಅವಳಿಗೆ ಹಿಡಿಯಲಿಲ್ಲ. ಮೂರು ತಿಂಗಳು ಸಂಜೆ ಮನೆಗೆ ಬಂದು ಹಳೆಯ ಶಾಲೆಯ ಗೆಳತಿಯರ ಫೋಟೋ ನೋಡುತ್ತಾ ಕೂರುತ್ತಿದ್ದಳು. ಮುಖ್ಯ ಶಿಕ್ಷಕಿ ಅವಳಿಗೆ ಒಂದು ಉಪಾಯ ಕಂಡುಕೊಂಡರು. ನಲಿ-ಕಲಿ ಮಕ್ಕಳಿಗೆ ಇಂಗ್ಲಿಷ್ ಪದ್ಯ ಹೇಳಿಕೊಡುವ ಕೆಲಸವನ್ನು ಇವಳಿಗೆ ಕೊಟ್ಟರು. ಬದಲಾಗಿ ಪಕ್ಕದ ಮನೆಯ ಹುಡುಗಿ ಇವಳಿಗೆ ಕನ್ನಡ ಓದಿಸಬೇಕು. ಆಗಸ್ಟ್ ಕಳೆಯುವಷ್ಟರಲ್ಲಿ ಫೋಟೋ ನೋಡುವುದು ನಿಂತಿತು. ಎಂಟು ಮಕ್ಕಳ ತರಗತಿಯಲ್ಲಿ ಅಳುವ ಮಗು ಶಿಕ್ಷಕಿಯ ಕಣ್ಣಿಗೆ ಬೀಳದಿರುವುದು ಸಾಧ್ಯವಿಲ್ಲ.

ಊಟದ ವಿಷಯವೂ ಹೇಳಬೇಕು. ಮೊದಲ ತಿಂಗಳು ನಾನು ಬುತ್ತಿ ಕಟ್ಟಿ ಕೊಡುತ್ತಿದ್ದೆ. ಆಮೇಲೆ ಮಕ್ಕಳೇ ಬೇಡವೆಂದರು. ಅನ್ನ, ಸಾಂಬಾರು, ಬೆಳಿಗ್ಗೆ ಹಾಲು. ಹಾಲು ಕೊಡುವ ಯೋಜನೆ 2013ರ ಆಗಸ್ಟಿನಲ್ಲಿ ಆರಂಭವಾದದ್ದು. ವಾರದ ಆರೂ ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ಕ್ರಮ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಆ ಸಾಲಿನಲ್ಲಿ ಕೂರುವವರು ಯಾರು? ಬೀಡಿ ಕಟ್ಟುವ ಮನೆಯ ಮಗು, ರಿಕ್ಷಾ ಚಾಲಕರ ಮಗು, ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರ ಮಗು, ಮೂರು ಭಾಷೆಯ, ಎರಡು ಮೂರು ಧರ್ಮಗಳ ಮಕ್ಕಳು. ನಮ್ಮ ಜಿಲ್ಲೆಯಲ್ಲಿ ದೊಡ್ಡವರು ಒಬ್ಬರನ್ನೊಬ್ಬರು ಸಂಶಯದಿಂದ ನೋಡುವ ದಿನಗಳಲ್ಲಿ, ಅಕ್ಕಪಕ್ಕದ ಮನೆಯ ಮಕ್ಕಳು ಬೇರೆ ಬೇರೆ ಬಣ್ಣದ ವ್ಯಾನುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೋದರೆ ಅವರಿಗೆ ಪರಸ್ಪರ ಹೆಸರೂ ಗೊತ್ತಿರುವುದಿಲ್ಲ. ನನ್ನ ಮಗನಿಗೆ ಆ ಓಣಿಯ ಪ್ರತಿ ಮನೆಯ ನಾಯಿಯ ಹೆಸರೂ ಗೊತ್ತು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಸಣ್ಣ ಶಾಲೆಗೂ ದೊಡ್ಡ ಶಾಲೆಗೂ ಇರುವ ನಿಜವಾದ ವ್ಯತ್ಯಾಸ ನನಗೆ ಅರ್ಥವಾದದ್ದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ. ನಮ್ಮ ರಾಜ್ಯದಲ್ಲಿ ಈ ಎಸ್.ಡಿ.ಎಂ.ಸಿ. 2001ರಿಂದಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಹೆತ್ತವರೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅದೇ ಕಾಯಿದೆಯ ಪಟ್ಟಿಯಲ್ಲಿ ಶಿಕ್ಷಕರ ಲೆಕ್ಕವೂ ಇದೆ. ಐದನೆಯ ತರಗತಿಯವರೆಗಿನ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು.

ಇದನ್ನು ಓದಿದಾಗ ನನಗೆ ಹೊಳೆದದ್ದು, ಅರುವತ್ತನೆಯ ಮಗುವಿಗೂ ಅರುವತ್ತೊಂದನೆಯ ಮಗುವಿಗೂ ಇರುವ ಅಂತರ ಒಬ್ಬ ಶಿಕ್ಷಕಿಯದ್ದು. ಸಾವಿರ ಮಕ್ಕಳ ಶಾಲೆಗೆ ನನ್ನ ಮಗು ಸೇರಿದರೆ ಅಲ್ಲಿ ಏನೂ ಬದಲಾಗದು. ಬಿಟ್ಟರೂ ಬದಲಾಗದು. ಸಣ್ಣ ಶಾಲೆಯಲ್ಲಿ ಒಂದೊಂದು ಮನೆಯ ತೀರ್ಮಾನವೂ ಲೆಕ್ಕವನ್ನು ಮೇಲೆ ಕೆಳಗೆ ಮಾಡುತ್ತದೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರನ್ನು 'ಹೆಚ್ಚುವರಿ' ಎಂದು ಗುರುತಿಸಿ ಬೇರೆ ಶಾಲೆಗೆ ಕಳುಹಿಸುತ್ತಾರೆ. ಶಿಕ್ಷಕರಿಲ್ಲ ಎಂದು ಇನ್ನಷ್ಟು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಕೊನೆಗೆ ಬಾಗಿಲಿಗೆ ಬೀಗ. ಆಗ 'ನಮ್ಮೂರಿನಲ್ಲಿ ಒಳ್ಳೆಯ ಶಾಲೆಯೇ ಇಲ್ಲ' ಎಂದು ಹೇಳುವವರೂ ನಾವೇ. ಆ ಬೀಗದಿಂದ ಹೊರಗುಳಿಯುವುದು ವ್ಯಾನಿಗೆ ಹಣ ಕೊಡಬಲ್ಲ ನನ್ನ ಮಕ್ಕಳಲ್ಲ, ಬೀಡಿ ಕಟ್ಟುವ ಮನೆಯ ಮಗು.

ನಾವು ಸೇರಿದ ವರ್ಷ ಐದನೆಯ ತರಗತಿ ಮುಗಿಸಿ ಹೊರಟವರು 12 ಮಂದಿ, ಹೊಸದಾಗಿ ಬಂದವರು 13 ಮಂದಿ. ಒಟ್ಟು 55. ನಾನು ಮತ್ತು ಇನ್ನಿಬ್ಬರು ತಾಯಂದಿರು ಹೊಸದಾಗಿ ಮನೆ ಕಟ್ಟಿ ಬಂದವರ ಬಳಿಗೆಲ್ಲ ಹೋದೆವು. ಯಾರಿಗೂ ಉಪದೇಶ ಮಾಡಲಿಲ್ಲ. 'ಒಂದು ದಿನ ಬಂದು ನೋಡಿ' ಎಂದಷ್ಟೇ ಹೇಳಿದೆವು. ಹೆಚ್ಚಿನವರು ಬರಲಿಲ್ಲ. ಬಂದವರಲ್ಲಿ ಕೆಲವರು ಉಳಿದರು. 2024ರ ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕದಲ್ಲಿ 63 ಹೆಸರುಗಳಿದ್ದವು.

ಮೂರನೆಯ ಶಿಕ್ಷಕಿ ಮರುದಿನವೇ ಬಂದರೆಂದು ತಿಳಿಯಬೇಡಿ. ಕಾಯಿದೆಯ ಲೆಕ್ಕ ಬೇರೆ, ಹುದ್ದೆ ತುಂಬುವುದು ಬೇರೆ. ಸಮಿತಿಯವರು ಶಿಕ್ಷಣಾಧಿಕಾರಿಗಳ ಕಚೇರಿಗೆ ಮೂರು ಸಲ ಅಲೆದ ಮೇಲೆ ಒಬ್ಬ ಅತಿಥಿ ಶಿಕ್ಷಕಿಯ ನೇಮಕವಾಯಿತು. ಖಾಯಂ ಹುದ್ದೆ ಇನ್ನೂ ಬಂದಿಲ್ಲ. ಸೋರುವ ಮಾಡು ಮಾತ್ರ ದುರಸ್ತಿಯಾಗಿದೆ. ಅದಕ್ಕೆ ಪಂಚಾಯತಿನ ಹಣವೂ ಹೆತ್ತವರ ದುಡಿಮೆಯೂ ಸೇರಿತು.

ನಮ್ಮಿಂದ ಹೆಚ್ಚು ದೂರವಲ್ಲದ ಹರೇಕಳದ ಕಥೆ ನಿಮಗೆಲ್ಲ ಗೊತ್ತಿದೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹಾಜಬ್ಬರಿಗೆ ವಿದೇಶೀಯರೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಉತ್ತರಿಸಲಾಗದ ಆ ನೋವಿನಿಂದ ಅವರು ತಮ್ಮೂರು ನ್ಯೂಪಡ್ಪುವಿಗೆ ಶಾಲೆ ಬೇಕೆಂದು ಕಚೇರಿ ಕಚೇರಿ ಅಲೆದರು. 2000ದಲ್ಲಿ ಮದ್ರಸದ ಕೋಣೆಯಲ್ಲಿ 28 ಮಕ್ಕಳೊಂದಿಗೆ ಅದು ಆರಂಭವಾಯಿತು. ಮುಂದೆ ಪ್ರೌಢಶಾಲೆಯಾಗಿಯೂ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರು ಕಟ್ಟಿಸಿದ್ದು ಸರಕಾರಿ ಶಾಲೆ, ಎಲ್ಲರ ಮಕ್ಕಳೂ ಹೋಗಬಹುದಾದ ಶಾಲೆ. ಇಲ್ಲದ ಶಾಲೆಯನ್ನು ತರಲು ಕಿತ್ತಳೆ ಮಾರುವವರೊಬ್ಬರು ಅಷ್ಟು ಅಲೆದಿದ್ದಾರೆ. ಇರುವ ಶಾಲೆಯ ಒಳಗೆ ಒಮ್ಮೆ ಹೋಗಿ ನೋಡುವುದು ನಮಗೆ ಕಷ್ಟವೇ?

ಮಗಳು ಈಗ ಎರಡೂವರೆ ಕಿಲೋಮೀಟರ್ ದೂರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಾಳೆ. ಅವಳ ಹಳೆಯ ಗೆಳತಿಯರಷ್ಟು ಸರಾಗವಾಗಿ ಅವಳು ಇಂಗ್ಲಿಷ್ ಮಾತಾಡುವುದಿಲ್ಲ. ಓದಿ ಅರ್ಥ ಮಾಡಿಕೊಳ್ಳುತ್ತಾಳೆ, ಭಾಗಿಸುವ ಲೆಕ್ಕವನ್ನು ತಮ್ಮನಿಗೆ ಹೇಳಿಕೊಡುತ್ತಾಳೆ. ಭರತನಾಟ್ಯವೋ ಚೆಸ್ಸೋ ಕಲಿಯುವ ಅವಕಾಶ ಅಲ್ಲಿ ಸಿಗಲಿಲ್ಲ. ಚೆಸ್ಸನ್ನು ಅವಳು ಉಪ್ಪನಿಂದ ಮನೆಯಲ್ಲಿ ಕಲಿತಳು. ಹೈಸ್ಕೂಲಿಗೆ ಯಾವ ಮಾಧ್ಯಮ ಎಂಬ ಚರ್ಚೆ ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಅದನ್ನು ಅವಳನ್ನೂ ಕೂರಿಸಿಕೊಂಡು ಮಾತಾಡುತ್ತೇವೆ.

ಹೊರವಲಯದಲ್ಲಿ ಮನೆ ಮಾಡಲು ಯೋಚಿಸುವ ಸಹೋದರಿಯರಿಗೆ ಕೆಲವು ಮಾತುಗಳು. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ. ಅದರ ಮೂಲಕ ಶಾಲೆಯ ಶಿಕ್ಷಕರೆಷ್ಟು, ಕೋಣೆಗಳೆಷ್ಟು, ಶೌಚಾಲಯ ಇದೆಯೇ ಎಂಬುದನ್ನು ಅಂತರ್ಜಾಲದಲ್ಲೇ ನೋಡಬಹುದು. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಜುಲೈ ತಿಂಗಳ ಜಡಿಮಳೆಯಲ್ಲಿ ಹೋಗಿ. ಮಾಡು ಸೋರುತ್ತದೆಯೇ, ದಾರಿಯ ತೋಡು ತುಂಬಿ ಹರಿಯುತ್ತದೆಯೇ ಎಂದು ಗೊತ್ತಾಗುತ್ತದೆ. ಪುಸ್ತಕದಲ್ಲಿರುವ ಹೆಸರುಗಳನ್ನಲ್ಲ, ಮಧ್ಯಾಹ್ನದ ಸಾಲಿನಲ್ಲಿ ಕೂತ ಮಕ್ಕಳನ್ನು ಎಣಿಸಿ. ಐದನೆಯ ತರಗತಿಯ ಒಂದು ಮಗುವಿನ ಕೈಗೆ ಕಥೆ ಪುಸ್ತಕ ಕೊಟ್ಟು ಓದಿಸಿ. ಶಿಕ್ಷಕರು ಎಷ್ಟು ವರ್ಷದಿಂದ ಇದ್ದಾರೆ, ವರ್ಗಾವಣೆ ಯಾವಾಗ ಎಂದು ಕೇಳಿ. ಮುಂದಿನ ಶಾಲೆ ಎಲ್ಲಿ, ಅಲ್ಲಿಗೆ ಬಸ್ಸು ಇದೆಯೇ ಎಂದೂ ವಿಚಾರಿಸಿ. ಎಲ್ಲ ನೋಡಿದ ಮೇಲೆ ಆ ಶಾಲೆ ನಿಮ್ಮ ಮಗುವಿಗೆ ಸರಿಯಲ್ಲ ಎನಿಸಿದರೆ ಸಂಕೋಚಪಡದೆ ಬೇರೆ ಕಡೆ ಸೇರಿಸಿ. ನೋಡಿ ಬೇಡವೆನ್ನುವುದಕ್ಕೂ ನೋಡದೆ ಬೇಡವೆನ್ನುವುದಕ್ಕೂ ಬಹಳ ಅಂತರವಿದೆ.

ಬಾವಿಯ ನೀರಿನ ರುಚಿ ನೋಡದೆ ನಾವು ಜಾಗ ಕೊಳ್ಳುವುದಿಲ್ಲ. ನಮ್ಮ ಮಕ್ಕಳು ಐದು ವರ್ಷ ದಿನಕ್ಕೆ ಆರು ಗಂಟೆ ಕೂರಬಹುದಾದ ಜಾಗಕ್ಕೂ ಅಷ್ಟು ಗಮನ ಕೊಡಬಾರದೇ?